ಜೋರು ವೈರಲ್ ಜ್ವರದಲ್ಲಿ ಬಿಳಿ ರಕ್ತಕಣಗಳ ಜೀನ್‌ಗಳು ಏನು ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಶುರುವಾಯಿತೆಂದರೆ ಮೈಸೂರು, ಮಂಡ್ಯ ಕಡೆ ಡೆಂಗ್ಯೂ ಮಾತೂ ಶುರು. ಕೋವಿಡ್ ಬಂದುಹೋದ ಮೇಲಂತೂ ಸಿಆರ್‌ಪಿ, ಐಎಲ್-6, ಸೈಟೊಕೈನ್ ಸ್ಟಾರ್ಮ್ ಎಂಬ ಮಾತುಗಳು ಹಾಲಿನ ಡೇರಿ ಮುಂದೆಯೂ ಕಿವಿಗೆ ಬೀಳುತ್ತವೆ. ನಾನು ಮೈಸೂರಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಪರಿಚಯದವರು ಲ್ಯಾಬ್ ರಿಪೋರ್ಟಿನ ಫೋಟೊ ಕಳಿಸಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಔಷಧಿ, ಎಷ್ಟು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಇಮ್ಯುನಿಟಿ ಚೆನ್ನಾಗಿದ್ದವರಿಗೆ ಕಾಯಿಲೆ ಜೋರಾಗಲ್ಲ ಅಂತಾರೆ. ನಿಜಾನಾ?

ಅರ್ಧ ಮಾತ್ರ ನಿಜ. ಐಸಿಯು ಸೇರಿದ ಎಷ್ಟೋ ಜನರಲ್ಲಿ ರೋಗನಿರೋಧಕ ಶಕ್ತಿ ಸುಮ್ನೆ ಕೂತಿರುವುದಿಲ್ಲ, ಅತಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ತೊಂದರೆ ಇರುವುದು ಹೊತ್ತಿನಲ್ಲಿ. ಮೊದಲ ದಿನ ಆನ್ ಆಗಬೇಕಿದ್ದ ಜೀನ್‌ಗಳು ತಡವಾಗಿ ಆನ್ ಆಗುತ್ತವೆ. ವಾರದ ಹೊತ್ತಿಗೆ ಆಫ್ ಆಗಬೇಕಿದ್ದವು ಆಫ್ ಆಗುವುದೇ ಇಲ್ಲ.

ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವಿ.ಸಿ. ನಾಲೆಯಲ್ಲಿ ನೀರು ಬಂದರೆ ಸಾಲದು, ನಾಟಿ ಹೊತ್ತಿಗೆ ಬರಬೇಕು. ಪೈರು ಒಣಗಿದ ಮೇಲೆ ತೂಬು ಎತ್ತಿ, ಆಮೇಲೆ ಇಳಿಸದೇ ಬಿಟ್ಟರೆ ಗದ್ದೆಯ ಬದುವೂ ಕೊಚ್ಚಿಹೋಗುತ್ತದೆ. ನೀರು ಅದೇ, ನಾಲೆಯೂ ಅದೇ.

ಆದ್ದರಿಂದ ಇಮ್ಯುನಿಟಿ ಜಾಸ್ತಿಯೋ ಕಡಿಮೆಯೋ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಜೀನ್, ಯಾವ ಕೋಶದಲ್ಲಿ, ಯಾವಾಗ ಎಂದು ಕೇಳಬೇಕು.

ಜೀನ್ ಆನ್ ಆಗುವುದು ಅಂದರೆ ಏನು? ಜೀನ್ ಹುಟ್ಟಿನಿಂದ ಇದ್ದೇ ಇರುತ್ತಲ್ವಾ?

ಇರುತ್ತದೆ. ನಿಮ್ಮ ಚರ್ಮದ ಕೋಶದಲ್ಲೂ ಬಿಳಿ ರಕ್ತಕಣದಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಡಿಎನ್ಎ. ಅದರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಒಂದು ಕೋಶ ಅಷ್ಟನ್ನೂ ಓದುವುದಿಲ್ಲ. ತನಗೆ ಬೇಕಾದಷ್ಟನ್ನು ಓದಿ, ಆರ್‌ಎನ್ಎ ಪ್ರತಿ ತೆಗೆದು, ಅದರಿಂದ ಪ್ರೋಟೀನ್ ಮಾಡಿಕೊಳ್ಳುತ್ತದೆ. ಪ್ರತಿ ತೆಗೆಯಲು ಶುರುಮಾಡಿದರೆ ಜೀನ್ ಆನ್, ನಿಲ್ಲಿಸಿದರೆ ಆಫ್.

ಒಂದು ಕೋಶದ ಡಿಎನ್ಎಯನ್ನು ಎಳೆದು ನೇರ ಮಾಡಿದರೆ ಸುಮಾರು 2 ಮೀಟರ್ ಉದ್ದ. ಅಷ್ಟೂ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ, ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಸುತ್ತಿಕೊಂಡು ಕೂತಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಓದಲು ಆಗುವುದಿಲ್ಲ, ಸಡಿಲವಾದ ಕಡೆ ಆಗುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿದರೆ ಆ ಜಾಗ ಸಾಮಾನ್ಯವಾಗಿ ಸಡಿಲಾಗುತ್ತದೆ. ಎಲ್ಲಿ ಓದಬೇಕೆಂದು ಡಿಎನ್ಎ ಮೇಲೆ ಕೂತು ಹೇಳುವ ಪ್ರೋಟೀನ್‌ಗಳೂ ಇವೆ. ಅವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಮುಂದಿನ ಉತ್ತರಗಳಲ್ಲೆಲ್ಲ ಇವುಗಳದೇ ಕಾರುಬಾರು.

ವೈರಸ್ ಒಳಗೆ ಬಂತು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ವೈರಸ್ಸಿನ ಆರ್‌ಎನ್ಎ ನಮ್ಮ ಆರ್‌ಎನ್ಎ ಥರ ಇರುವುದಿಲ್ಲ. ಆ ವ್ಯತ್ಯಾಸ ಹಿಡಿಯುವುದಕ್ಕೇ ಕೋಶದಲ್ಲಿ ಆರ್‌ಐಜಿ-ಐ, ಎಂಡಿಎ5, ಟಿಎಲ್ಆರ್7 ಎಂಬ ಪ್ರೋಟೀನ್‌ಗಳಿವೆ. ಅವು ಸುದ್ದಿ ಕೊಟ್ಟ ಕೂಡಲೇ ಎರಡು ಬಗೆಯ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಕೋಶಕೇಂದ್ರದೊಳಗೆ ಹೋಗುತ್ತವೆ. ಐಆರ್‌ಎಫ್ ಗುಂಪಿನವು ಇಂಟರ್‌ಫೆರಾನ್ ಜೀನ್‌ಗಳನ್ನು ಆನ್ ಮಾಡುತ್ತವೆ. ಎನ್ಎಫ್-ಕಪ್ಪಾ ಬಿ ಎಂಬುದು ಉರಿಯೂತದ, ಅಂದರೆ ಸೋಂಕಿಗೆ ಮೈ ಕಾದು ಊದಿಕೊಳ್ಳುವ ಪ್ರತಿಕ್ರಿಯೆಯ, ಜೀನ್‌ಗಳನ್ನು ಆನ್ ಮಾಡುತ್ತದೆ.

ಈ ಎನ್ಎಫ್-ಕಪ್ಪಾ ಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಇಷ್ಟವಾದ ವಿಷಯ. 1986ರಲ್ಲಿ ಅಮೆರಿಕದಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಲ್ಯಾಬಿನಲ್ಲಿ ರಂಜನ್ ಸೇನ್ ಇದನ್ನು ಕಂಡುಹಿಡಿದರು. ಕೋಶ ಸುಮ್ಮನಿರುವಾಗಲೂ ಇದು ತಯಾರಾಗಿಯೇ ಇರುತ್ತದೆ. ಆದರೆ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ವೈರಸ್ ಸುದ್ದಿ ಬಂತೆಂದರೆ ಹಿಡಿದಿದ್ದ ಪ್ರೋಟೀನ್ ಒಡೆದುಹೋಗುತ್ತದೆ. ಬಿಡುಗಡೆಯಾದ ಎನ್ಎಫ್-ಕಪ್ಪಾ ಬಿ ಕೆಲವೇ ನಿಮಿಷದಲ್ಲಿ ಡಿಎನ್ಎ ಮೇಲೆ ಕೂರುತ್ತದೆ. ಅದು ಬೇಗ ಆನ್ ಮಾಡುವ ಜೀನ್‌ಗಳಲ್ಲಿ ಒಂದು ಯಾವುದು ಗೊತ್ತಾ? ತನ್ನನ್ನು ಹಿಡಿದಿಟ್ಟಿದ್ದ ಅದೇ ಐ-ಕಪ್ಪಾ-ಬಿ! ಹೊಸದಾಗಿ ತಯಾರಾದ ಐ-ಕಪ್ಪಾ-ಬಿ ಬಂದು ಅದನ್ನು ಮತ್ತೆ ಹೊರಗೆ ಎಳೆದೊಯ್ಯುತ್ತದೆ. ಅಂದರೆ ಆಫ್ ಮಾಡುವ ಏರ್ಪಾಡು ಆನ್ ಆಗುವುದರಲ್ಲೇ ಇದೆ. ಆದರೆ ಹೊರಗಿನಿಂದ ಸುದ್ದಿ ಬರುತ್ತಲೇ ಇದ್ದರೆ ಹೊಸ ಐ-ಕಪ್ಪಾ-ಬಿ ಕೂಡ ಒಡೆಯುತ್ತಲೇ ಇರುತ್ತದೆ. ಕಾಯಿಲೆ ಜೋರಾದಾಗ ಆಗುವುದರಲ್ಲಿ ಇದೂ ಒಂದು.

ಇಂಟರ್‌ಫೆರಾನ್ ಅಂದರೆ ಏನು? ಔಷಧಿ ಹೆಸರಲ್ವಾ?

ಔಷಧಿಯಾಗಿಯೂ ಇದೆ. ಆದರೆ ಅದಕ್ಕೆ ಮೊದಲು ಅದು ನಮ್ಮ ಕೋಶಗಳೇ ಮಾಡುವ ಪ್ರೋಟೀನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆ ಮತ್ತು ಫ್ಲೂ ವೈರಸ್ ಇಟ್ಟುಕೊಂಡು ಇದನ್ನು ಕಂಡುಹಿಡಿದರು. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾಗಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವೇನಿಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಂತ ಹೇಳಿದೆ.

ಇಂಟರ್‌ಫೆರಾನ್ ಹೊರಗೆ ಬಂದು ಪಕ್ಕದ ಕೋಶಗಳಿಗೆ ಅಂಟಿಕೊಂಡರೆ, ಅವುಗಳೊಳಗೆ ಜಾಕ್ ಮತ್ತು ಸ್ಟ್ಯಾಟ್ ಎಂಬ ಪ್ರೋಟೀನ್‌ಗಳ ಮೂಲಕ ಸುದ್ದಿ ಡಿಎನ್ಎ ತಲುಪುತ್ತದೆ. ಆಗ ನೂರಾರು ಜೀನ್‌ಗಳು ಒಟ್ಟಿಗೆ ಆನ್ ಆಗುತ್ತವೆ. ಕೆಲವು ವೈರಸ್ಸಿನ ಆರ್‌ಎನ್ಎ ಕತ್ತರಿಸುವ ಏರ್ಪಾಡು ಮಾಡುತ್ತವೆ, ಕೆಲವು ಪ್ರೋಟೀನ್ ತಯಾರಿಯನ್ನೇ ನಿಧಾನ ಮಾಡುತ್ತವೆ. ವೈರಸ್ ಬರುವ ಮೊದಲೇ ಪಕ್ಕದ ಕೋಶ ತಯಾರಾಗಿಬಿಡುತ್ತದೆ. ಜ್ವರದ ಮೊದಲ ದಿನ ಮೈಕೈ ನೋಯುವುದು, ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತು, ಇವುಗಳಲ್ಲಿ ಇಂಟರ್‌ಫೆರಾನ್ ಪಾಲು ದೊಡ್ಡದು.

ಅಷ್ಟೆಲ್ಲ ಇದ್ದರೂ ವೈರಸ್ ಹೇಗೆ ಗೆಲ್ಲುತ್ತದೆ?

ಈ ದಾರಿಯನ್ನೇ ಅದು ಕಡಿಯುತ್ತದೆ. ಡೆಂಗ್ಯೂ ವೈರಸ್ಸಿನ ಎನ್ಎಸ್5 ಎಂಬ ಪ್ರೋಟೀನ್ ನಮ್ಮ ಸ್ಟ್ಯಾಟ್2 ಪ್ರೋಟೀನನ್ನು ನಾಶ ಮಾಡಿಸುತ್ತದೆ. ಇಂಟರ್‌ಫೆರಾನ್ ಎಷ್ಟೇ ಬಂದರೂ ಸುದ್ದಿ ಡಿಎನ್ಎ ತಲುಪುವುದಿಲ್ಲ. ಕೋವಿಡ್ ವೈರಸ್ಸಿನ ಓಆರ್‌ಎಫ್6 ಎಂಬ ಪ್ರೋಟೀನ್ ನಮ್ಮ ಸ್ಟ್ಯಾಟ್1 ಕೋಶಕೇಂದ್ರದ ಒಳಗೆ ಹೋಗದಂತೆ ತಡೆಯುತ್ತದೆ. ಅದರದೇ ಎನ್ಎಸ್‌ಪಿ1 ನಮ್ಮ ಕೋಶದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಫ್ಲೂ ವೈರಸ್ಸಿಗೂ ಅದರದೇ ಉಪಾಯಗಳಿವೆ.

ಹೀಗೆ ಮೊದಲ ಎರಡು ಮೂರು ದಿನ ಕದ್ದುಕೊಂಡ ವೈರಸ್ ಅಷ್ಟರಲ್ಲಿ ಕೋಟಿಗಟ್ಟಲೆ ಆಗಿರುತ್ತದೆ.

ಸೈಟೊಕೈನ್ ಸ್ಟಾರ್ಮ್ ಅಂದರೆ ಇದೇನಾ?

ಇದರ ಮುಂದಿನ ಭಾಗ. ತಡವಾಗಿ ಎಚ್ಚೆತ್ತ ಕೋಶಗಳು ಸೈಟೊಕೈನ್ ಎಂಬ ಉರಿಯೂತದ ಪ್ರೋಟೀನ್‌ಗಳನ್ನು ವಿಪರೀತ ಬಿಡುವುದಕ್ಕೆ ಆ ಹೆಸರು. ಟಿವಿಯವರು ಈ ಹೆಸರನ್ನು ಬೇಕಾಬಿಟ್ಟಿ ಬಳಸಿದರು ಅಂತ ನನ್ನ ಅಭಿಪ್ರಾಯ. ಜೋರಾದ ಕೋವಿಡ್‌ನಲ್ಲೂ ಈ ಪ್ರೋಟೀನ್‌ಗಳಲ್ಲಿ ಒಂದಾದ ಐಎಲ್-6 ಮಟ್ಟ ರಕ್ತದಲ್ಲಿ, ಸೆಪ್ಸಿಸ್‌ನಲ್ಲಿ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಗಳೇ ಕೆಡುವ ಸ್ಥಿತಿ) ಕಾಣುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇತ್ತು.

ಅದಕ್ಕಿಂತ ಕುತೂಹಲದ ಸಂಗತಿ ಮಾನೊಸೈಟ್ ಎಂಬ ಬಿಳಿ ರಕ್ತಕಣದಲ್ಲಿ ಕಂಡಿತು. 2020ರಲ್ಲಿ ಸಂಶೋಧಕರು ಕೋವಿಡ್ ರೋಗಿಗಳ ರಕ್ತದ ಒಂದೊಂದೇ ಕೋಶದ ಆರ್‌ಎನ್ಎ ಓದಿ ನೋಡಿದರು. ಕಾಯಿಲೆ ಜೋರಾದವರ ಮಾನೊಸೈಟ್‌ಗಳಲ್ಲಿ ಎಸ್100ಎ8, ಎಸ್100ಎ9 ಎಂಬ ಉರಿಯೂತದ ಜೀನ್‌ಗಳು ಏರಿದ್ದವು. ಅದೇ ಕೋಶಗಳಲ್ಲಿ ಎಚ್ಎಲ್ಎ-ಡಿಆರ್ ಜೀನ್‌ಗಳು ಇಳಿದಿದ್ದವು. ಎಚ್ಎಲ್ಎ-ಡಿಆರ್ ಕೆಲಸ ವೈರಸ್ಸಿನ ಚೂರನ್ನು ಹಿಡಿದು ಟಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿಗೆ ತೋರಿಸುವುದು. ಅಂದರೆ ಗಲಾಟೆ ಜಾಸ್ತಿ, ಶತ್ರು ಯಾರು ಅಂತ ತೋರಿಸುವ ಕೆಲಸ ಕಡಿಮೆ. ಅತಿಯಾದ ಉರಿಯೂತ ಮತ್ತು ಸೋತ ರಕ್ಷಣೆ ಎರಡೂ ಒಂದೇ ರೋಗಿಯಲ್ಲಿ, ಒಂದೇ ಕೋಶದಲ್ಲಿ ಇರಬಹುದು. ಹೀಗಿರುವಾಗ ಇಮ್ಯುನಿಟಿ ಬೂಸ್ಟ್ ಮಾಡುವುದು ಅಂದರೆ ಯಾವುದನ್ನು ಏರಿಸುವುದು, ಹೇಳಿ?

ನಮ್ಮ ಯಜಮಾನರ ಸಿಆರ್‌ಪಿ 140 ಇದೆ ಅಂತ ರಿಪೋರ್ಟ್ ಬಂದಿದೆ. ಅದಕ್ಕೂ ಜೀನ್‌ಗೂ ಏನು ಸಂಬಂಧ?

ನೇರ ಸಂಬಂಧ. ನಿಮ್ಮ ಕೈಯಲ್ಲಿರುವ ಆ ಹಾಳೆಯಲ್ಲಿ ಜೀನ್ ಆನ್ ಆದದ್ದೇ ಅಂಕಿಯಾಗಿ ಕಾಣುತ್ತಿದೆ. ಸಿಆರ್‌ಪಿ ಅಂದರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅದರ ಜೀನ್ ಕೆಲಸ ಮಾಡುವುದು ಮುಖ್ಯವಾಗಿ ಲಿವರ್‌ನಲ್ಲಿ. ಬಿಳಿ ರಕ್ತಕಣಗಳು ಬಿಟ್ಟ ಐಎಲ್-6 ರಕ್ತದಲ್ಲಿ ಹರಿದು ಲಿವರ್ ತಲುಪುತ್ತದೆ. ಅಲ್ಲಿ ಸ್ಟ್ಯಾಟ್3 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಚ್ಚೆತ್ತು ಸಿಆರ್‌ಪಿ ಜೀನನ್ನು ಆನ್ ಮಾಡುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ. ಉರಿಯೂತ ಶುರುವಾದ ಕೆಲವು ಗಂಟೆಗಳಲ್ಲಿ ಏರತೊಡಗಿ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಜೀನ್ ಆಫ್ ಆದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಒಂದು ರಿಪೋರ್ಟಿಗಿಂತ ಎರಡು ದಿನದ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚು ತಿಳಿಯುತ್ತದೆ.

ಒಂದು ಎಚ್ಚರಿಕೆ. ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಕೊಟ್ಟ ಮೇಲೆ ಸಿಆರ್‌ಪಿ ದಢಾರನೆ ಬೀಳುತ್ತದೆ. ಅದು ಐಎಲ್-6 ಸುದ್ದಿ ಲಿವರ್‌ಗೆ ಮುಟ್ಟದಂತೆ ತಡೆಯುವ ಔಷಧಿ. ಆಗ ಅಂಕಿ ಕಡಿಮೆ ಇದೆ ಎಂದ ಮಾತ್ರಕ್ಕೆ ಸೋಂಕು ಹೋಯಿತು ಅಂತಲ್ಲ. ಹೊಸ ಬ್ಯಾಕ್ಟೀರಿಯಾ ಸೋಂಕು ಬಂದರೂ ಸಿಆರ್‌ಪಿ ಏರದೇ ಇರಬಹುದು.

ಸ್ಟೀರಾಯ್ಡ್ ಕೊಟ್ಟರೆ ಇಮ್ಯುನಿಟಿ ಕಡಿಮೆ ಆಗುತ್ತೆ ಅಂತಾರೆ. ಮತ್ತೆ ಕೋವಿಡ್‌ಗೆ ಯಾಕೆ ಕೊಟ್ಟರು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್. ಅದು ಜೀನ್‌ಗಳ ಮೇಲೆ ಕೆಲಸ ಮಾಡುವ ಔಷಧಿ. ಮಾತ್ರೆ ಕರಗಿ, ರಕ್ತ ಸೇರಿ, ಕೋಶದ ಪೊರೆ ದಾಟಿ ಒಳಗೆ ಹೋಗುತ್ತದೆ. ಅಲ್ಲಿ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಕೋಶಕೇಂದ್ರದೊಳಗೆ ಹೋಗಿ ಎರಡು ಕೆಲಸ ಮಾಡುತ್ತದೆ: ಎನ್ಎಫ್-ಕಪ್ಪಾ ಬಿ ಆನ್ ಮಾಡಿದ ಉರಿಯೂತದ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ, ಉರಿಯೂತ ತಗ್ಗಿಸುವ ಕೆಲವು ಜೀನ್‌ಗಳನ್ನು ಆನ್ ಮಾಡುತ್ತದೆ.

ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ಇದರ ಫಲಿತಾಂಶ ಹೇಳಿತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್‌ನಲ್ಲಿದ್ದವರಲ್ಲಿ 28 ದಿನದೊಳಗಿನ ಸಾವು ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು. ಆಕ್ಸಿಜನ್ ಮಾತ್ರ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ ಶೇ. 23.3ಕ್ಕೆ. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಲಾಭ ಸಿಗಲಿಲ್ಲ. ಅವರಲ್ಲಿ ಅಂಕಿ ಉಲ್ಟಾ ಕಡೆಗೇ ವಾಲಿತ್ತು.

ಔಷಧಿ ಒಂದೇ, ಡೋಸ್ ಒಂದೇ. ಉರಿಯೂತ ಕೈಮೀರಿದ ಮೇಲೆ ಕೊಟ್ಟರೆ ಜೀವ ಉಳಿಸುತ್ತದೆ. ವೈರಸ್ ಇನ್ನೂ ಬೆಳೆಯುತ್ತಿರುವಾಗ ಕೊಟ್ಟರೆ, ಆಗ ಬೇಕಾಗಿದ್ದ ಜೀನ್‌ಗಳನ್ನೇ ಆಫ್ ಮಾಡಿದಂತೆ. 2021ರ ಎರಡನೇ ಅಲೆಯಲ್ಲಿ ನಮ್ಮ ಕಡೆ ಎಷ್ಟೋ ಜನ ಜ್ವರದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದರು. ಇದೇ ಔಷಧಿ ಲಿವರ್‌ನಲ್ಲಿ ಸಕ್ಕರೆ ತಯಾರಿಸುವ ಜೀನ್‌ಗಳನ್ನೂ ಆನ್ ಮಾಡುತ್ತದೆ. ಶುಗರ್ ಏರುವುದು ಅದಕ್ಕೇ. ಏರಿದ ಶುಗರ್ ಮತ್ತು ಸ್ಟೀರಾಯ್ಡ್ ಜೊತೆಯಾದಾಗ ಕಪ್ಪು ಶಿಲೀಂಧ್ರಕ್ಕೆ ದಾರಿಯಾಗಿದ್ದು ಎಲ್ಲರಿಗೂ ನೆನಪಿದೆ.

ಹಾಗಾದರೆ ಶುರುವಿನಲ್ಲೇ ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟುಬಿಡಬಹುದಲ್ವಾ?

ಒಳ್ಳೆ ಪ್ರಶ್ನೆ, ಸಂಶೋಧಕರಿಗೂ ಅದೇ ಹೊಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದವರಿಗೆ ಇಂಟರ್‌ಫೆರಾನ್ ಬೀಟಾ ಕೊಟ್ಟು ನೋಡಿದರು, ಸಾವು ಕಡಿಮೆಯಾಗಲಿಲ್ಲ. ಆಮೇಲೆ ಬ್ರೆಜಿಲ್ ಮತ್ತು ಕೆನಡಾದಲ್ಲಿ ಲಕ್ಷಣ ಶುರುವಾದ ಒಂದು ವಾರದೊಳಗೆ, ಇನ್ನೂ ಆಸ್ಪತ್ರೆ ಸೇರದವರಿಗೆ ಇಂಟರ್‌ಫೆರಾನ್ ಲ್ಯಾಂಬ್ಡಾ ಒಂದೇ ಡೋಸ್ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದಂತೆ ಆಸ್ಪತ್ರೆಯ ಪಾಲಾದವರು ಶೇ. 5.6 ಇದ್ದದ್ದು ಶೇ. 2.7ಕ್ಕೆ ಇಳಿಯಿತು. ಎರಡೂ ಒಂದೇ ಇಂಟರ್‌ಫೆರಾನ್ ಅಲ್ಲ, ನಿಜ. ಆದರೂ ಬೇಗ ಕೊಟ್ಟದ್ದಕ್ಕೇ ಬಹಳ ಬೆಲೆ ಇದೆ ಅಂತ ನನಗನ್ನಿಸುತ್ತದೆ.

ಒಂದೇ ಮನೆ, ಒಂದೇ ಊಟ. ಅಣ್ಣನಿಗೆ ಐಸಿಯು, ತಮ್ಮನಿಗೆ ಬರೀ ನೆಗಡಿ. ಯಾಕೆ?

ವಯಸ್ಸು, ಶುಗರ್, ತೂಕ, ಮೈಗೆ ಸೇರಿದ ವೈರಸ್ ಪ್ರಮಾಣ, ಇವೆಲ್ಲ ಮೊದಲು ಬರುತ್ತವೆ. ಅದರಾಚೆ ಕೋವಿಡ್ ಮೂರು ಸಂಗತಿ ಕಲಿಸಿತು.

ಒಂದು, ಕೆಲವರ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ (ಆಂಟಿಬಾಡಿ, ಅಂದರೆ ಅಂಟಿಕೊಂಡು ಕೆಲಸ ಕೆಡಿಸುವ ಪ್ರೋಟೀನ್) ಮಾಡಿಕೊಂಡಿರುತ್ತದೆ. ಜೀವಕ್ಕೆ ಅಪಾಯವಿದ್ದ 987 ರೋಗಿಗಳನ್ನು ಪರೀಕ್ಷಿಸಿದಾಗ 101 ಜನರಲ್ಲಿ ಅದು ಸಿಕ್ಕಿತು. ಅವರಲ್ಲಿ 95 ಜನ ಗಂಡಸರು. 70 ದಾಟಿದವರಲ್ಲಿ ಇಂಥ ಪ್ರತಿಕಾಯ ಹೆಚ್ಚುತ್ತದೆ. ಅವರಿಗೇನೂ ಮೊದಲು ಗೊತ್ತಿರುವುದಿಲ್ಲ, ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತಾರೆ.

ಎರಡು, ಮೇಲೆ ಹೇಳಿದ, ವೈರಸ್ ಪತ್ತೆ ಹಚ್ಚುವ ಟಿಎಲ್ಆರ್7ರ ಜೀನ್ ಇರುವುದು ಎಕ್ಸ್ ಕ್ರೋಮೊಸೋಮ್ ಎಂಬ ಡಿಎನ್ಎ ಕಟ್ಟಿನಲ್ಲಿ. ಗಂಡಸರಿಗೆ ಅದು ಒಂದೇ ಪ್ರತಿ. ಅದು ಕೆಟ್ಟಿದ್ದರೆ ಬದಲಿ ಇಲ್ಲ. ಗಟ್ಟಿಮುಟ್ಟಾಗಿದ್ದ ಹರೆಯದ ಅಣ್ಣತಮ್ಮಂದಿರಿಬ್ಬರೂ ಐಸಿಯು ಸೇರಿದ ಕುಟುಂಬಗಳು ನೆದರ್‌ಲೆಂಡ್ಸ್‌ನಲ್ಲಿ ಕಂಡಾಗ ಇದು ಬಯಲಾಯಿತು.

ಮೂರನೆಯದು ನಮ್ಮ ಭಾರತೀಯರಿಗೆ ಹತ್ತಿರದ್ದು. 3ನೇ ಕ್ರೋಮೊಸೋಮ್‌ನ ಒಂದು ತುಂಡು ಹಿಂದೆಯೇ ಅಳಿದುಹೋದ ನಿಯಾಂಡರ್ತಲ್ ಮಾನವರಿಂದ ಬಂದದ್ದು ಅಂತ ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ 2020ರಲ್ಲಿ ತೋರಿಸಿದರು. ಅದಿದ್ದರೆ ಕೋವಿಡ್ ಜೋರಾಗುವ ಅಪಾಯ ಜಾಸ್ತಿ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಅದಿದೆ, ಯುರೋಪಿನಲ್ಲಿ ಸುಮಾರು ಶೇ. 16. ಆ ತುಂಡಿನಲ್ಲಿ ಅಪಾಯಕ್ಕೆ ಕಾರಣವಾಗುವ ಬದಲಾವಣೆಗಳು ಹೆಚ್ಚಾಗಿ ಪ್ರೋಟೀನನ್ನೇ ಬದಲಿಸುವಂಥವಲ್ಲ, ಅಕ್ಕಪಕ್ಕದ ಜೀನ್‌ಗಳು ಎಷ್ಟು ಜೋರಾಗಿ ಆನ್ ಆಗಬೇಕು ಎಂಬುದನ್ನು ಬದಲಿಸುವಂಥವು. ಹಾಗಂತ ಗಾಬರಿ ಬೇಡ. ಅರ್ಧ ಊರಿನವರ ಮೈಯಲ್ಲಿ ಇರುವಂಥದ್ದು ಹಣೆಬರಹ ಆಗಲಾರದು.

ಎರಡನೇ ಸಲ ಬರುವ ಡೆಂಗ್ಯೂ ಹೆಚ್ಚು ಅಪಾಯ ಅಂತಾರಲ್ಲ?

ಹೌದು. ಡೆಂಗ್ಯೂ ವೈರಸ್ಸಿನಲ್ಲಿ 4 ಬಗೆ. ಒಂದು ಬಗೆ ಬಂದುಹೋದರೆ ಅದರ ಪ್ರತಿಕಾಯ ಉಳಿಯುತ್ತದೆ. ಬೇರೆ ಬಗೆ ಬಂದಾಗ ಆ ಹಳೆಯ ಪ್ರತಿಕಾಯ ವೈರಸ್ಸಿಗೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ಕೊಲ್ಲುವಷ್ಟು ಬಿಗಿಯಾಗಿ ಅಲ್ಲ. ಮಾನೊಸೈಟ್‌ಗಳು ಪ್ರತಿಕಾಯ ಕಂಡು ಒಳಗೆಳೆದುಕೊಂಡರೆ ಜೊತೆಗೆ ವೈರಸ್ಸೂ ಒಳಗೆ. ಈ ದಾರಿಯಲ್ಲಿ ಹೋದಾಗ ಕೋಶದ ಇಂಟರ್‌ಫೆರಾನ್ ಜೀನ್‌ಗಳು ಮಂಕಾಗುವುದನ್ನೂ ಲ್ಯಾಬ್‌ಗಳಲ್ಲಿ ಕಂಡಿದ್ದಾರೆ. ಮತ್ತೆ ಅದೇ ಕಥೆ: ಶುರುವಿನಲ್ಲಿ ಮೌನ, ಆಮೇಲೆ ಅತಿ. ರಕ್ತನಾಳದಿಂದ ನೀರಿನಂಶ ಸೋರುವುದು ಆ ಎರಡನೇ ಹಂತದಲ್ಲಿ.

ಅದಕ್ಕೇ ಡೆಂಗ್ಯೂನಲ್ಲಿ ಜ್ವರ ಇಳಿಯುವ ದಿನವೇ ಹುಷಾರಾಗಿರಬೇಕು, ಹೆಚ್ಚಾಗಿ 3ರಿಂದ 7ನೇ ದಿನದ ನಡುವೆ. ತಡೆಯಲಾಗದ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಬಡಿದಂತೆ ಕೂರುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತ ಕೂರಬೇಡಿ. ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಕಷಾಯ, ಇಮ್ಯುನಿಟಿ ಬೂಸ್ಟರ್ ಪುಡಿ?

ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಆದರೆ ಸರಿಯಾದ ಗಂಟೆಗೆ ಇಂಟರ್‌ಫೆರಾನ್ ಆನ್ ಮಾಡಿ ಸರಿಯಾದ ದಿನಕ್ಕೆ ಎನ್ಎಫ್-ಕಪ್ಪಾ ಬಿ ಆಫ್ ಮಾಡುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ.

ಕಾಯಿಲೆ ವಾಸಿಯಾಗಿ ತಿಂಗಳುಗಳಾದವು. ಬಿಳಿ ರಕ್ತಕಣಗಳು ಮೊದಲಿನಂತೆ ಆಗಿರುತ್ತವಾ?

ಬಹಳಷ್ಟು ಆಗಿರುತ್ತವೆ. ಆದರೆ ಜೋರು ಕಾಯಿಲೆ ಗುರುತು ಬಿಟ್ಟುಹೋಗಬಹುದು. ಮಾನೊಸೈಟ್‌ಗೆ ಆಯಸ್ಸು ಕೆಲವೇ ದಿನ. ಹಾಗಿದ್ದೂ ಜೋರು ಕೋವಿಡ್ ಆದವರಲ್ಲಿ ಒಂದು ವರ್ಷದವರೆಗೂ ಮಾನೊಸೈಟ್‌ಗಳ ಡಿಎನ್ಎ ಸುತ್ತಿಕೊಂಡ ಬಗೆಯಲ್ಲಿ ಬದಲಾವಣೆ ಕಂಡಿದೆ ಎಂದು 2023ರ ಒಂದು ಅಧ್ಯಯನ ಹೇಳಿತು. ಕೆಲವು ದಿನಕ್ಕೊಮ್ಮೆ ಹೊಸದಾಗುವ ಕೋಶದಲ್ಲಿ ಹಳೆಯ ಗುರುತು ಹೇಗೆ? ಅವುಗಳನ್ನು ಹುಟ್ಟಿಸುವ ಕಾಂಡಕೋಶಗಳಲ್ಲೇ ಗುರುತು ಕೂತಿತ್ತು.

ಇಂಥ ನೆನಪು ಯಾವಾಗಲೂ ಕೆಟ್ಟದ್ದೇ ಅಂತಲ್ಲ. ಹುಟ್ಟಿದ ಮಗುವಿಗೆ ಹಾಕಿಸುವ ಬಿಸಿಜಿ ಲಸಿಕೆಯೂ ಮಾನೊಸೈಟ್‌ಗಳಲ್ಲಿ ಈ ಬಗೆಯ ಗುರುತು ಬಿಡುತ್ತದೆ.

ಅಂದರೆ ಡಿಎನ್ಎ ಬದಲಾಗಿ ಮಕ್ಕಳಿಗೂ ಹೋಗುತ್ತಾ?

ಇಲ್ಲ. ಡಿಎನ್ಎ ಅಕ್ಷರಗಳು ಹಾಗೇ ಇರುತ್ತವೆ, ಓದುವ ರೀತಿ ಬದಲಾಗುತ್ತದೆ ಅಷ್ಟೆ. ಅದೂ ರಕ್ತದ ಕೋಶಗಳಲ್ಲಿ.

ನನ್ನ ಜೀನ್‌ಗಳು ಸರಿಯಾಗಿ ಆನ್ ಆಗುತ್ತವಾ ಅಂತ ಟೆಸ್ಟ್ ಮಾಡಿಸಬಹುದಾ?

ಒಂದೊಂದೇ ಕೋಶದ ಆರ್‌ಎನ್ಎ ಓದುವುದು ಸಂಶೋಧನೆಯ ಕೆಲಸ, ಆಸ್ಪತ್ರೆಯ ದಿನನಿತ್ಯದ ಟೆಸ್ಟ್ ಅಲ್ಲ. ಇಮ್ಯುನಿಟಿ ಜೀನ್ ಟೆಸ್ಟ್ ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ದುಡ್ಡು ಉಳಿಸಿಕೊಳ್ಳಿ. ಹರೆಯದಲ್ಲೇ ಮತ್ತೆ ಮತ್ತೆ ಜೋರು ಸೋಂಕು ಬರುವ ಕುಟುಂಬವಾದರೆ ಮಾತು ಬೇರೆ. ಆಗ ಇಮ್ಯುನಾಲಜಿ ತಿಳಿದ ಡಾಕ್ಟರನ್ನು ಕಂಡು ಕೇಳಿ.

ಹೋದ ಸಲದ ಡೆಕ್ಸಾ ಮಾತ್ರೆ ಮನೆಯಲ್ಲಿ ಉಳಿದಿದೆ. ಈಗ ಡೆಂಗ್ಯೂ ಅಂತಿದ್ದಾರೆ, ತಗೊಳ್ಳಬಹುದಾ?

ಬೇಡ. ಡೆಂಗ್ಯೂನಲ್ಲಿ ಸ್ಟೀರಾಯ್ಡ್‌ನಿಂದ ಲಾಭ ಕಂಡಿಲ್ಲ. ಅಲ್ಲಿ ಜೀವ ಉಳಿಸುವುದು ಅಳತೆಯಲ್ಲಿ ಕೊಡುವ ದ್ರವ ಮತ್ತು ಹತ್ತಿರದಿಂದ ನೋಡಿಕೊಳ್ಳುವುದು. ಬೇರೆ ಕಾಯಿಲೆಗೆಂದು ಸ್ಟೀರಾಯ್ಡ್ ಮೊದಲಿನಿಂದಲೇ ತಗೊಳ್ಳುತ್ತಿರುವವರು ಮಾತ್ರ ಅದನ್ನು ತಾವಾಗೇ ನಿಲ್ಲಿಸಬಾರದು, ಡಾಕ್ಟರಿಗೆ ಆ ಮಾತ್ರೆ ಪಟ್ಟಿ ತೋರಿಸಿ ಕೇಳಬೇಕು.